ಶುಕ್ರವಾರ ಮಧ್ಯಾಹ್ನ ಅಷ್ಕೆಲಾನ್‌ಗೆ ಫೋನ್ ಮಾಡು

ತಂಗಿ, ನಿನ್ನ ಪತ್ರ ಓದಿದೆ. ಇಸ್ರೇಲ್‌ನಲ್ಲಿ ಗಾಜಾ ಹತ್ತಿರದ ಅಷ್ಕೆಲಾನ್‌ನಲ್ಲಿ ನೀನು ನೋಡಿಕೊಂಡಿದ್ದ ಬೆನೆ ಇಸ್ರೇಲ್ (ಮಹಾರಾಷ್ಟ್ರ ಮೂಲದ ಯಹೂದಿ) ಮನೆಯ ಅಜ್ಜಿ ಇನ್ನೂ ಅಲ್ಲೇ ಇದ್ದಾರೆ, ನೀನು ಗಂಡನ ಜೊತೆ ಲಂಡನ್‌ಗೆ ಬಂದಿದ್ದೀಯ. ಸೈರನ್ ಸುದ್ದಿ ಬಂದಾಗಲೆಲ್ಲ ನಿದ್ದೆ ಹಾರಿಹೋಗುತ್ತದೆ, ಆ ಮನೆಯವರ ಜೊತೆ ನಂಟು ಉಳಿಸಿಕೊಳ್ಳೋದು ಹೇಗೆ, ಇಲ್ಲಿ ಇದನ್ನೆಲ್ಲ ಯಾರ ಹತ್ತಿರ ಹೇಳಲಿ ಅಂತ ಕೇಳಿದ್ದೀಯ. ಊರಲ್ಲಿ ಹೇಳಿದರೆ "ಕೆಲಸ ಬಿಟ್ಟು ಬಂದಾಯ್ತಲ್ಲ, ಇನ್ನೇನು?" ಅನ್ನುತ್ತಾರೆ. ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲ್‌ಗೆ ಹೋಗಿ, ಆಮೇಲೆ ಬೇರೆ ದೇಶ ಸೇರಿದ ನಮಗೆಲ್ಲ ಈ ಮಾತು ಗೊತ್ತಿದ್ದದ್ದೇ.

ಮೊದಲು ಫೋನಿನ ವಿಷಯ. ಸೈರನ್ ಎಚ್ಚರಿಕೆ ಕೊಡುವ ಇಸ್ರೇಲ್ ಸೇನೆಯ ಹೋಮ್ ಫ್ರಂಟ್ ಕಮಾಂಡ್ ಆ್ಯಪ್ ಇಟ್ಟುಕೋ, ಆದರೆ ಅಷ್ಕೆಲಾನ್ ಒಂದನ್ನೇ ಆರಿಸು. ಇಡೀ ದೇಶ ಆರಿಸಿದರೆ ಉತ್ತರದ ಗಡಿಯಲ್ಲಿ ಡ್ರೋನ್ ಬಂದರೂ ನಿನ್ನ ದಿಂಬಿನ ಪಕ್ಕ ಕೂಗುತ್ತದೆ. ಎಚ್ಚರಿಕೆ ಬಂದ ತಕ್ಷಣ ಫೋನ್ ಮಾಡಲೇಬೇಡ. ಟೆಲ್ ಅವೀವ್‌ನವರಿಗೆ ಓಡೋಕೆ ಒಂದೂವರೆ ನಿಮಿಷ ಸಿಗುತ್ತದೆ. ಗಾಜಾದಿಂದ ರಾಕೆಟ್ ಬಂದರೆ ಅಷ್ಕೆಲಾನ್‌ನಲ್ಲಿ ಸಿಗೋದು 30 ಸೆಕೆಂಡ್. ವಾಕರ್ ಹಿಡಿದು ನಡೆಯುವ ಅಜ್ಜಿಯನ್ನು ಅಷ್ಟರಲ್ಲಿ ಮಮಾದ್ ಕೋಣೆಗೆ (ಮನೆಯೊಳಗಿನ ಗಟ್ಟಿ ಗೋಡೆಯ ರಕ್ಷಣಾ ಕೋಣೆ) ಸೇರಿಸೋದು ಎಷ್ಟು ಕಷ್ಟ ಅಂತ ನಿನಗೆ ನಾನು ಹೇಳಬೇಕಾ? ಈಗ ಅಲ್ಲಿರುವ ಹುಡುಗಿಯ ಎರಡು ಕೈಯೂ ಖಾಲಿ ಇರಬೇಕು. 2021ರ ಮೇ ತಿಂಗಳಲ್ಲಿ ಅದೇ ಊರಲ್ಲಿ ರಾಕೆಟ್ ಬಿದ್ದು ತೀರಿಕೊಂಡ ಕೇರಳದ ಹೆಣ್ಣುಮಗಳು ಆ ಹೊತ್ತಿಗೆ ಗಂಡನ ಜೊತೆ ವಿಡಿಯೋ ಕಾಲ್‌ನಲ್ಲಿದ್ದಳು. ಕಾಲ್‌ನಿಂದಲೇ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೂ ಅಲ್ಲಿಂದ ಈಚೆಗೆ ಸೈರನ್ ಹೊತ್ತಲ್ಲಿ ನಾನು ಯಾರಿಗೂ ರಿಂಗ್ ಕೊಡುವುದಿಲ್ಲ.

ಅರ್ಧ ಗಂಟೆ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕು. "ಉತ್ತರ ಬೇಡ, ನೆನಪಾಯಿತು" ಅಂದರೆ ಸಾಕು. "ಎಲ್ಲಿ ಬಿತ್ತು, ಫೋಟೋ ಕಳಿಸಿ" ಅಂತ ಕೇಳಬೇಡ. ಕ್ಷಿಪಣಿ ಬಿದ್ದ ಜಾಗ ತೋರಿಸುವುದಕ್ಕೆ ಅಲ್ಲಿ ಸೇನೆಯ ಸೆನ್ಸಾರ್ ಕಟ್ಟುಪಾಡು ಇದೆ. 2025ರ ಜೂನ್‌ನಲ್ಲಿ ಇರಾನ್ ಜೊತೆ 12 ದಿನ ಯುದ್ಧ ನಡೆದಾಗ ಅದನ್ನು ಇನ್ನೂ ಬಿಗಿ ಮಾಡಿದ್ದರು. ಸುಮ್ನೆ ಅವರನ್ನು ಯಾಕೆ ತೊಂದರೆಗೆ ಸಿಕ್ಕಿಸಬೇಕು, ಅಲ್ವಾ? ನಮ್ಮ ಕರಾವಳಿ ಗ್ರೂಪುಗಳಲ್ಲಿ ಓಡಾಡುವ ವಿಡಿಯೋಗಳನ್ನಂತೂ ಮುಂದೆ ಕಳಿಸಲೇಬೇಡ. ಅರ್ಧಕ್ಕರ್ಧ ಹಳೆಯವು.

ಮನಸ್ಸು ಬಿಚ್ಚಿ ಮಾತಾಡೋಕೆ ಶುಕ್ರವಾರ ಇಲ್ಲಿ ಹನ್ನೆರಡು ಗಂಟೆ ಒಳ್ಳೆಯದು. ಆಗ ಅಲ್ಲಿ ಎರಡು. ಅಡುಗೆ ಮುಗಿದಿರುತ್ತದೆ, ಶಬ್ಬಾತ್, ಅಂದರೆ ಪಾಲಿಸುವವರು ಫೋನ್ ಮುಟ್ಟದ ವಾರದ ವಿಶ್ರಾಂತಿ ದಿನ, ಇನ್ನೂ ಶುರುವಾಗಿರುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಕಾಲರ ಸುಮಾರಿಗೇ ದೀಪ ಹಚ್ಚಿಬಿಡುತ್ತಾರೆ, ತಡ ಮಾಡಬೇಡ. ಆಮೇಲೆ ಶನಿವಾರ ಕತ್ತಲಾಗುವವರೆಗೆ ಉತ್ತರ ಬರದಿದ್ದರೆ ಗಾಬರಿಯಾಗಬೇಡ. ಶಬ್ಬಾತ್ ಪಾಲಿಸುವ ಮನೆಗಳಲ್ಲೂ ಜೀವ ಉಳಿಸೋದು ಮೊದಲು. ಯುದ್ಧದ ಹೊತ್ತಲ್ಲಿ ರೇಡಿಯೋ ಹಾಕಿಟ್ಟಿರುತ್ತಾರೆ. ಎಚ್ಚರಿಕೆ ಇದ್ದರೆ ಮಾತ್ರ ಮಾತಾಡುವ, ಉಳಿದ ಹೊತ್ತು ಸುಮ್ಮನಿರುವ ವಾಹಿನಿ ಅಲ್ಲಿದೆ. ಅವರಿಗೆ ಸುದ್ದಿ ಮುಟ್ಟಿಸೋಕೆ ನೀನು ಬೇಕಾಗಿಲ್ಲ.

ಹೇಳೋಕೆ ಮನಸ್ಸಿಲ್ಲದಿದ್ದರೂ ಇದೊಂದು ಹೇಳುತ್ತೇನೆ. ಯಾರಾದರೂ ತೀರಿಕೊಂಡರೆ ಬೇಗ ಮಣ್ಣು ಮಾಡುತ್ತಾರೆ, ಎಷ್ಟೋ ಸಲ ಅದೇ ದಿನ. ಟಿಕೆಟ್ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದರೆ ಶಿವಾ, ಅಂದರೆ ಮನೆಯವರು ಕೂತು ದುಃಖ ಆಚರಿಸೋದು, ಏಳು ದಿನ. ಮನೆಗೆ ಜನ ಬಂದುಹೋಗುತ್ತಿರುತ್ತಾರೆ. ಆಗ ಫೋನ್ ಮಾಡಿ ಸತ್ತವರ ಬಗ್ಗೆ ನಿನಗೆ ಗೊತ್ತಿರುವ ಒಂದು ಸಂಗತಿ ಹೇಳು. ರಾತ್ರಿ ಎರಡು ಗಂಟೆಗೆ ಎದ್ದು ಏನು ಕೇಳುತ್ತಿದ್ದರು, ಯಾವ ಹಾಡಿಗೆ ತಲೆದೂಗುತ್ತಿದ್ದರು ಅನ್ನೋದು ಮಕ್ಕಳಿಗಿಂತ ಜಾಸ್ತಿ ನಿನಗೇ ಗೊತ್ತು.

ಇಲ್ಲಿಯ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಹೋಗಬಹುದಾ ಅಂತಲೂ ಕೇಳಿದ್ದೀಯ. ಹೋಗಬಹುದು, ಆದರೆ ಬಾಗಿಲು ತಟ್ಟಿ ನಿಲ್ಲಬೇಡ. ಮೊದಲೇ ಇಮೇಲ್ ಮಾಡು, ಗುರುತಿನ ಚೀಟಿ ಇಟ್ಟುಕೋ. 2025ರ ಅಕ್ಟೋಬರ್ 2, ಯಹೂದಿಗಳ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪೂರ್‌ನಂದು, ಮ್ಯಾಂಚೆಸ್ಟರ್‌ನ ಸಿನಗಾಗ್ ಮೇಲೆ ದಾಳಿ ಆಯಿತು. ಕಾವಲಿನವರು ನಾಲ್ಕು ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡ.

ಕೆಲಸಕ್ಕೆ ಸೇರಿದ ಮೇಲೆ ಗಾಜಾಕ್ಕಾಗಿ ನೊಂದವರೂ ಸಿಗುತ್ತಾರೆ. ಅಲ್ಲಿ ಸತ್ತವರು ಹತ್ತಾರು ಸಾವಿರ. ಅವರ ಮುಂದೆ ನಿನ್ನ ಅಜ್ಜಿಯ ಚಿಂತೆಯನ್ನು ಅಜ್ಜಿಯ ಚಿಂತೆಯಾಗಿಯೇ ಹೇಳು, ಅವರ ದುಃಖವನ್ನೂ ಕೇಳು. ಯಾವ ಸರ್ಕಾರದ ಪರವಾಗಿಯೂ ಉತ್ತರ ಕೊಡೋದು ನಿನ್ನ ಕೆಲಸವಲ್ಲ.

ಇನ್ನು ಅಜ್ಜಿಯ ಜೊತೆ ಯುದ್ಧವನ್ನೇ ಮಾತಾಡಬೇಡ, ಅವರಿಗೆ ಅದು ಸಾಕಾಗಿದೆ. ಜನವರಿಯಲ್ಲೋ ಫೆಬ್ರುವರಿಯಲ್ಲೋ ತು ಬಿಶ್ವಾತ್, ಯಹೂದಿಗಳ ಮರಗಳ ಹಬ್ಬ, ಬರುತ್ತದೆ. ಬೆನೆ ಇಸ್ರೇಲ್‌ನವರು ಆ ದಿನ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲಿದಾ ಮಾಡುತ್ತಾರೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಮೇಲೆ ಹಣ್ಣು. ನಮ್ಮ ಕಡೆಯ ಅಡುಗೆಮನೆಗೆ ಹೊಸದೇನಲ್ಲ. ನೀನೂ ಇಲ್ಲಿ ಮಾಡಿ ವಿಡಿಯೋ ಕಾಲ್‌ನಲ್ಲಿ ತೋರಿಸು. ತೆಂಗಿನಕಾಯಿ ಕಡಿಮೆ ಆಯಿತು ಅಂತ ಅಜ್ಜಿ ಮರಾಠಿಯಲ್ಲಿ ಬೈದೇ ಬೈಯುತ್ತಾರೆ. ಅವಲಕ್ಕಿಗೆ ವೆಂಬ್ಲಿಯ ಈಲಿಂಗ್ ರೋಡ್‌ಗೆ ಹೋಗು, ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ.