ಹವಾಮಾನ ಯೋಜನೆಯ ಅರ್ಜಿಯಲ್ಲಿ ಆ ‘ಲಿಂಗ ಸಮಾನತೆ’ ಭಾಗಕ್ಕೆ ಏನು ಬರೆಯೋದು?

ಒಳ್ಳೆ ಪ್ರಶ್ನೆ ಕೇಳಿದ್ದೀರಿ ಸರ್. ನಿಮ್ಮ ಬೆಳೆಗಾರರ ಸಂಘ ಬರ, ನೆರೆ ತಡೆದುಕೊಳ್ಳುವ ಯೋಜನೆಗೆ ಹಣ ಕೇಳಿ ಅರ್ಜಿ ಹಾಕುತ್ತಿದೆ, ಅದರಲ್ಲಿ ಲಿಂಗ ಸಮಾನತೆ ಅಂತ ಒಂದು ಭಾಗ ಇದೆ, ಅಲ್ಲಿ ಏನು ತುಂಬಬೇಕು ಅಂತ ಗೊತ್ತಾಗುತ್ತಿಲ್ಲ ಅಂದಿರಿ. ಮೇಲೆ ಒಬ್ಬರು ‘ಮಹಿಳೆಯರು ಶೇ. 50 ಅಂತ ಬರೆದು ಕಳಿಸಿ, ಯಾರು ನೋಡ್ತಾರೆ’ ಅಂದಿದ್ದಾರೆ. ಇನ್ನೊಬ್ಬರು ‘ಬರ ಏನು ಗಂಡು ಹೆಣ್ಣು ನೋಡಿಕೊಂಡು ಬರುತ್ತಾ’ ಅಂತ ಕೇಳಿದ್ದಾರೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಸಮಯ ಇದ್ದಾಗ ಓದಿ.

ಬರ ನೋಡಿಕೊಂಡು ಬರುವುದಿಲ್ಲ, ನಿಜ. ಬಂದ ಮೇಲೆ ಯಾರ ಕೈಯಲ್ಲಿ ಏನಿದೆ ಅನ್ನುವುದರ ಮೇಲೆ ನಷ್ಟ ನಿಂತಿರುತ್ತದೆ. ಜಮೀನಿನ ಪತ್ರ ಯಾರ ಹೆಸರಲ್ಲಿದೆಯೋ ಅವರಿಗೆ ಸಾಲ, ವಿಮೆ, ಪರಿಹಾರ ಸುಲಭ. ಹೊಲದಲ್ಲಿ ದಿನವೆಲ್ಲ ದುಡಿದೂ ಪತ್ರದಲ್ಲಿ ಹೆಸರಿಲ್ಲದವರು ಸಾಲಿನ ಕೊನೆಗೆ ಹೋಗುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ 24 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮನೆಗಳ ಲೆಕ್ಕ ನೋಡಿ ವರದಿ ಕೊಟ್ಟಿತು. ಬಿಸಿಲಿನ ಹೊಡೆತಕ್ಕೆ, ಹೆಂಗಸರೇ ನಡೆಸುವ ಮನೆಗಳು ಗಂಡಸರು ನಡೆಸುವ ಮನೆಗಳಿಗಿಂತ ಶೇ. 8ರಷ್ಟು ಹೆಚ್ಚು ಆದಾಯ ಕಳೆದುಕೊಳ್ಳುತ್ತವೆ. ನೆರೆಯಲ್ಲಿ ಶೇ. 3 ಹೆಚ್ಚು. ಅದೇ ಸಂಸ್ಥೆಯ 2023ರ ವರದಿ ಪ್ರಕಾರ ಒಂದೇ ಅಳತೆಯ ಜಮೀನಿದ್ದರೂ ಹೆಂಗಸರು ನಡೆಸುವ ಹೊಲದ ಉತ್ಪಾದಕತೆ ಶೇ. 24ರಷ್ಟು ಕಡಿಮೆ. ಅವರಿಗೆ ಬೇಸಾಯ ಬರಲ್ಲ ಅಂತ ಅಲ್ಲ. ಗೊಬ್ಬರ, ಯಂತ್ರ, ತರಬೇತಿ, ಆಳು, ಸಾಲ ಎಲ್ಲವೂ ಅವರಿಗೆ ಸಿಗುವುದು ಕಡಿಮೆ, ಜೊತೆಗೆ ಮನೆ ಕೆಲಸ ಬೇರೆ.

ಇನ್ನು ಈ ಭಾಗ ಅರ್ಜಿಗೆ ಬಂದದ್ದು ಹೇಗೆ ಅನ್ನುವುದು. ಯಾರೋ ಆಫೀಸಿನವರು ಫ್ಯಾಷನ್‌ಗೆ ಸೇರಿಸಿದ್ದಲ್ಲ. 1992ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಹೊರಡಿಸಿದ ರಿಯೋ ಘೋಷಣೆಯಲ್ಲೇ ಹೆಂಗಸರ ಪಾತ್ರದ ಮಾತಿತ್ತು. ಹವಾಮಾನ ಒಪ್ಪಂದದ ದೇಶಗಳು 2014ರಲ್ಲಿ ಪೆರು ದೇಶದ ಲಿಮಾದಲ್ಲಿ ಸಭೆ ಸೇರಿ ಲಿಂಗ ಸಮಾನತೆಗೆ ಅಂತಲೇ ಒಂದು ಕಾರ್ಯಕ್ರಮ ಶುರು ಮಾಡಿದವು, 2024ರಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದವು. ಹವಾಮಾನ ಯೋಜನೆಗಳಿಗೆ ಹಣ ಕೊಡುವ ಹಸಿರು ಹವಾಮಾನ ನಿಧಿಯಂಥ ದೊಡ್ಡ ನಿಧಿಗಳು ಪ್ರತಿ ಯೋಜನೆಯ ಜೊತೆ ಹೆಣ್ಣು ಗಂಡಿನ ಪರಿಸ್ಥಿತಿಯ ವಿಶ್ಲೇಷಣೆ ಮತ್ತು ಅದಕ್ಕೊಂದು ಕಾರ್ಯಯೋಜನೆ ಕೇಳುತ್ತವೆ. ಮೇಲಿನ ಆ ನಿಯಮವೇ ಇಳಿದು ಇಳಿದು ನಿಮ್ಮ ಫಾರ್ಮಿಗೆ ಬಂದಿರುತ್ತದೆ. ಬರುವಷ್ಟರಲ್ಲಿ ಒಂದು ಖಾಲಿ ಚೌಕ ಆಗಿರುತ್ತದೆ, ಅದು ಬೇರೆ ಮಾತು.

ನನ್ನ ಸಲಹೆ ಇಷ್ಟೇ. ಆ ಭಾಗವನ್ನು ಕೊನೆಗೆ ತುಂಬಬೇಡಿ, ಮೊದಲು ತುಂಬಿ. ನಿಮ್ಮ ಯೋಜನೆ ಎಲ್ಲಿ ಕೈಕೊಡುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹೇಗೆ ಅಂದರೆ, ನೀವು ಉಳುಮೆ ಬಿಟ್ಟು ಬಿತ್ತನೆ ಮಾಡುವುದು, ಬೆಳೆಯ ಉಳಿಕೆಯಿಂದ ನೆಲಕ್ಕೆ ಹೊದಿಕೆ ಹಾಕುವುದು ಅಂತ ಬರೆದಿದ್ದೀರಿ. ಮಣ್ಣಿಗೆ ಒಳ್ಳೆಯದು, ತೇವ ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ. ಆದರೆ ಉಳುಮೆ ನಿಂತರೆ ಶುರುವಿನ ವರ್ಷಗಳಲ್ಲಿ ಕಳೆ ಜಾಸ್ತಿ. ಕಳೆನಾಶಕ ಹೊಡೆಯಲ್ಲ ಅಂದರೆ ಕೈಯಲ್ಲೇ ಕೀಳಬೇಕು. ಆಫ್ರಿಕಾದ ಹಲವು ಕಡೆ ಇದೇ ಸಮಸ್ಯೆ ಎದ್ದಿತ್ತು: ಉಳುವವರು ಹೆಚ್ಚಾಗಿ ಗಂಡಸರು, ಕಳೆ ಕೀಳುವವರು ಹೆಚ್ಚಾಗಿ ಹೆಂಗಸರು. ಹಾಗಾಗಿ ಕಾಗದದ ಮೇಲೆ ‘ಕೂಲಿ ಉಳಿತಾಯ’ ಅಂತ ಕಾಣುವುದು ನಿಜವಾಗಿ ಒಬ್ಬರ ಬೆನ್ನಿಂದ ಇನ್ನೊಬ್ಬರ ಬೆನ್ನಿಗೆ ಹೋದ ಹೊರೆ. ಆ ಇನ್ನೊಬ್ಬರನ್ನು ಯಾರೂ ಕೇಳಿರುವುದಿಲ್ಲ. ಒಂದೆರಡು ಹಂಗಾಮು ನೋಡಿ ಅವರು ಕೈಬಿಟ್ಟರೆ ಪದ್ಧತಿಯೇ ಬಿದ್ದುಹೋಗುತ್ತದೆ, ಆಮೇಲೆ ‘ರೈತರಿಗೆ ಅರಿವಿಲ್ಲ’ ಅಂತ ವರದಿ ಬರೆಯುತ್ತಾರೆ! ಹೊದಿಕೆಯೂ ಅಷ್ಟೇ. ಬೆಳೆಯ ಉಳಿಕೆಯನ್ನೆಲ್ಲ ನೆಲಕ್ಕೆ ಹಾಸಿದರೆ ದನಕ್ಕೆ ಮೇವು, ಒಲೆಗೆ ಉರುವಲು ಎಲ್ಲಿಂದ? ತರಲು ದೂರ ನಡೆಯುವವರು ಯಾರು?

ಗಿಡ ನೆಡುವ ಭಾಗದ ಬಗ್ಗೆಯೂ ಹೇಳಲೇಬೇಕು, ನಿಮ್ಮ ಅರ್ಜಿಯಲ್ಲಿ ಹಣ ಹೆಚ್ಚು ಇರುವುದೇ ಅಲ್ಲಿ. ಗ್ಯಾಂಬಿಯಾ ದೇಶದಲ್ಲಿ 1970ರ ದಶಕದ ಬರಗಳ ನಂತರ ಹೆಂಗಸರು ಗುಂಪು ಕಟ್ಟಿಕೊಂಡು, ಬಾವಿ ತೋಡಿಸಿ, ಬೇಲಿ ಹಾಕಿ ತರಕಾರಿ ತೋಟ ಮಾಡಿದರು. ಸಂಸಾರಕ್ಕೆ ಕಾಸು ಬರತೊಡಗಿತು. ಆದರೆ ನೆಲದ ಹಕ್ಕು ಗಂಡಸರದ್ದು. ಆಮೇಲೆ ಪರಿಸರದ ಹೆಸರಿನಲ್ಲಿ ಮರ ಬೆಳೆಸುವ ಯೋಜನೆಗಳು ಬಂದವು, ಅದೇ ತೋಟಗಳೊಳಗೆ ಮಾವಿನಂಥ ಗಿಡ ನೆಟ್ಟರು. ತರಕಾರಿಗೆ ಹೊಯ್ದ ನೀರಿನಲ್ಲೇ ಗಿಡಗಳು ಬೆಳೆದವು. ನೆರಳು ಬಿದ್ದು ತರಕಾರಿ ಹೋಯಿತು. ಮರ ನೆಲದ ಒಡೆಯನದ್ದು. ಹಸಿರು ಲೆಕ್ಕದಲ್ಲಿ ಯೋಜನೆ ಪಾಸ್, ನೀರು ಹೊತ್ತವರು ಮಾತ್ರ ತೋಟದಿಂದ ಹೊರಗೆ. ನೀವೂ ಸಸಿ ನೆಡಿಸುವ ಮೊದಲೇ ಬರೆದಿಡಿ: ನೀರು ಹಾಕುವವರು ಯಾರು, ಅದಕ್ಕೆ ಕೂಲಿ ಉಂಟಾ, ಮರ ಮಾರುವ ದಿನ ದುಡ್ಡು ಯಾರಿಗೆ. ನರ್ಸರಿ ಕೆಲಸವನ್ನು ‘ಮಹಿಳಾ ಸಬಲೀಕರಣ’ ಅಂತ ಹೆಸರಿಟ್ಟು ಪುಕ್ಕಟೆ ಮಾಡಿಸುವುದು ಇದೆಯಲ್ಲ, ಅದು ನನಗೆ ಸುತರಾಂ ಆಗಲ್ಲ.

ಈಗ ಏನು ಮಾಡಬಹುದು. ಒಂದು ದೊಡ್ಡ ಹಾಳೆ ತಗೊಂಡು ಯೋಜನೆಯ ಪ್ರತಿ ಕೆಲಸದ ಎದುರಿಗೆ ಬರೆಯಿರಿ: ಈಗ ಯಾರು ಮಾಡುತ್ತಾರೆ, ದಿನಕ್ಕೆ ಎಷ್ಟು ಗಂಟೆ, ಯೋಜನೆ ಬಂದ ಮೇಲೆ ಯಾರು, ಎಷ್ಟು ಗಂಟೆ. ಅಡುಗೆ, ನೀರು ತರುವುದು, ಮಕ್ಕಳು, ದನ ಎಲ್ಲ ಸೇರಿಸಿ. ಇದನ್ನು ಹೆಂಗಸರ ಜೊತೆ ಬೇರೆ ಕೂತು ಮಾಡಿ, ಗಂಡಸರ ಜೊತೆ ಬೇರೆ, ಆಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಡಿ. ಎರಡೂ ಒಂದೇ ಥರ ಬರುವುದು ಕಮ್ಮಿ, ಆ ವ್ಯತ್ಯಾಸದಲ್ಲೇ ನಿಮಗೆ ಬೇಕಾದ ಮಾಹಿತಿ ಇರುತ್ತದೆ. ಮತ್ತೆ ‘ಹೆಂಗಸರು’ ಅಂದರೆ ಎಲ್ಲರೂ ಒಂದೇ ಅಂದುಕೊಳ್ಳಬೇಡಿ. ಜಮೀನಿರುವ ಮನೆಯ ಸೊಸೆ, ಕೂಲಿಗೆ ಬರುವವರು, ಗಂಡ ಇಲ್ಲದೆ ಒಬ್ಬರೇ ಬೇಸಾಯ ಮಾಡುವವರು, ಮೂವರ ಉತ್ತರವೂ ಬೇರೆ ಬೇರೆ.

ಸಂಘದ ನಿಯಮ ತೆಗೆದು ಓದಿ. ‘ಒಂದು ಮನೆಗೆ ಒಬ್ಬ ಸದಸ್ಯ’ ಅಂತ ಇದ್ದರೆ, ಯಾರೂ ಬೇಕಂತ ಮಾಡದಿದ್ದರೂ ಅದು ಗಂಡಸರ ಸಂಘವೇ ಆಗುತ್ತದೆ. ಮನೆಗೆ ಇಬ್ಬರು ಅಂತ ತಿದ್ದಿ, ಇಬ್ಬರಿಗೂ ಮತ ಕೊಡಿ. ಹನಿ ನೀರಾವರಿ ಸೆಟ್, ವಿಮೆ, ಸಹಾಯಧನ ಜಂಟಿ ಹೆಸರಲ್ಲಿ ಬರುವಂತೆ ಕೇಳಿ. ಜಮೀನಿನ ಪತ್ರವನ್ನೇ ದಾಖಲೆ ಅಂತ ಹಿಡಿದರೆ ಅರ್ಧ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಹೊಲದಲ್ಲಿ ನಿಜವಾಗಿ ಬೇಸಾಯ ಮಾಡುವವರು ಯಾರು ಅನ್ನುವುದಕ್ಕೆ ಸಂಘವೇ ಪ್ರಮಾಣಪತ್ರ ಕೊಡಬಹುದಾ ಅಂತ ಹಣ ಕೊಡುವವರನ್ನು ವಿಚಾರಿಸಿ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ 17 ಗುರಿಗಳಲ್ಲಿ ಐದನೆಯದು ಲಿಂಗ ಸಮಾನತೆ, ಅದರೊಳಗೆ ಹೆಂಗಸರ ಭೂಮಿ ಹಕ್ಕಿನ ಮಾತು ಸ್ಪಷ್ಟವಾಗಿ ಇದೆ. ಅರ್ಜಿಯಲ್ಲಿ ಅದನ್ನು ಹೆಸರಿಸಿದರೆ ತೂಕ ಬರುತ್ತದೆ.

ಸಮಿತಿಗೆ ಒಬ್ಬಿಬ್ಬರನ್ನು ಹೆಸರಿಗೆ ಕೂರಿಸುವುದರಿಂದ ಏನೂ ಬದಲಾಗಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದ್ದಾರೆ. ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹೆಂಗಸರು ಇದ್ದಾಗಲೇ ಅವರು ಬಾಯಿಬಿಟ್ಟು ಮಾತಾಡುವುದು ಹೆಚ್ಚುತ್ತದೆ ಅಂತ ಕಂಡುಕೊಂಡರು. ಹೆಂಗಸರು ಹೆಚ್ಚಿದ್ದ ಸಮಿತಿಗಳಲ್ಲಿ ಕಾಡಿನ ಸ್ಥಿತಿಯೂ ಚೆನ್ನಾಗಿತ್ತು. ಸಭೆ ಯಾವಾಗ ಇಡುತ್ತೀರಿ ಅನ್ನುವುದೂ ಮುಖ್ಯ. ಅಡುಗೆ ಹೊತ್ತಿಗೆ ಸಭೆ ಕರೆದು ‘ಬರಲೇ ಇಲ್ಲ ನೋಡಿ’ ಅಂದರೆ ಹೇಗೆ?

ಮುನ್ಸೂಚನೆ ಸಂದೇಶಕ್ಕೆ ದುಡ್ಡು ಇಟ್ಟಿದ್ದೀರಿ. ಫೋನ್ ಯಾರ ಜೇಬಲ್ಲಿದೆ ಅಂತ ನೋಡಿ. ಬಾಂಗ್ಲಾದೇಶದ 1991ರ ಚಂಡಮಾರುತದಲ್ಲಿ ಸುಮಾರು 1.38 ಲಕ್ಷ ಜನ ಸತ್ತರು, ಹೆಂಗಸರ ಸಾವು ಗಂಡಸರಿಗಿಂತ ಬಹಳ ಹೆಚ್ಚು. ಎಚ್ಚರಿಕೆ ಮನೆಯೊಳಗೆ ತಲುಪಲಿಲ್ಲ, ತಲುಪಿದರೂ ಮಕ್ಕಳನ್ನು ಬಿಟ್ಟು ಹೊರಡಲು ಆಗಲಿಲ್ಲ, ಆಶ್ರಯ ಕಟ್ಟಡದಲ್ಲಿ ಅವರಿಗೆ ಬೇರೆ ಜಾಗ ಇರಲಿಲ್ಲ. ಆಮೇಲೆ ಅಲ್ಲಿ ಮಹಿಳಾ ಸ್ವಯಂಸೇವಕರನ್ನು ಹೆಚ್ಚಿಸಿದರು, ಆಶ್ರಯ ಕಟ್ಟಡಗಳಲ್ಲಿ ಬೇರೆ ಕೋಣೆ, ಶೌಚಾಲಯ ಕಟ್ಟಿದರು. ದೊಡ್ಡ ತಂತ್ರಜ್ಞಾನ ಏನಲ್ಲ ನೋಡಿ, ಬಾಗಿಲು ತಟ್ಟಿ ಹೇಳುವ ಜನ ಮತ್ತು ಒಂದು ಚಿಲಕ.

ಅಂದಹಾಗೆ ಗಂಡಸರ ಕಷ್ಟವೂ ಈ ಭಾಗದಲ್ಲಿ ಬರಬೇಕು. ಬರ ಬಿದ್ದಾಗ ಊರು ಬಿಟ್ಟು ದುಡಿಯಲು ಹೋಗುವುದು, ಸುಡು ಬಿಸಿಲಿನಲ್ಲಿ ಕಟ್ಟಡ ಕೆಲಸ, ಸಾಲದ ಒತ್ತಡ, ಇವೆಲ್ಲ ಬರೆಯಿರಿ.

ಕೊನೆಯದಾಗಿ ಬಜೆಟ್. ಮಾತೆಲ್ಲ ಚೆನ್ನಾಗಿದ್ದು ಇಲ್ಲಿ ಸೊನ್ನೆ ಇದ್ದರೆ ಪರಿಶೀಲಿಸುವವರಿಗೆ ತಕ್ಷಣ ಗೊತ್ತಾಗುತ್ತದೆ. ಕಳೆ ತೆಗೆಯುವ ಉಪಕರಣ ಹೆಂಗಸರ ಎತ್ತರ, ಹಿಡಿತಕ್ಕೆ ಹೊಂದುವಂಥದ್ದು, ತರಬೇತಿ ದಿನ ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಂಬಳ, ಓಡಾಟದ ಖರ್ಚು, ನರ್ಸರಿ ಕೂಲಿ, ಇಷ್ಟಕ್ಕೆ ಬೇರೆ ಬೇರೆ ಸಾಲು ಮಾಡಿ. ಫಲಿತಾಂಶಕ್ಕೆ ‘ಇಷ್ಟು ಮಹಿಳೆಯರು ಭಾಗವಹಿಸಿದರು’ ಅಂತ ತಲೆ ಎಣಿಸುವ ಬದಲು ಕಳೆ ಮತ್ತು ನೀರಿಗೆ ಹೋಗುವ ಗಂಟೆ ಇಳಿಯಿತಾ, ಎಷ್ಟು ಹನಿ ನೀರಾವರಿ ಸೆಟ್‌ಗಳ ಮೇಲೆ ಹೆಂಗಸರ ಹೆಸರಿದೆ, ಬೆಳೆ ಮಾರಿದ ದುಡ್ಡಿನ ತೀರ್ಮಾನದಲ್ಲಿ ಅವರಿದ್ದಾರಾ ಅಂತ ಅಳೆಯಿರಿ. ಕೆಲಸ ಶುರುವಾಗುವ ಮೊದಲೇ ಒಮ್ಮೆ ಅಳೆದು ಇಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರಲ್ಲ.

ಆ ಎರಡು ಹಾಳೆ ರೆಡಿ ಆದ ಮೇಲೆ, ಹೆಸರುಗಳನ್ನು ಅಳಿಸಿ ಫೋಟೋ ಇಲ್ಲಿ ಹಾಕಿ. ಬಜೆಟ್ ಸಾಲುಗಳನ್ನು ಕೂತು ಸರಿ ಮಾಡೋಣ.