ಹಾಡುವವರ ದನಿ ಬಲಕ್ಕೆ ವಾಲುತ್ತದೆ: ಆಂಪ್ಲಿಫೈಯರ್ ಬದಲಿಸಲೇ, ಸ್ಪೀಕರ್ ಬದಲಿಸಲೇ?

ಎರಡೂ ಬೇಡ, ಕುರ್ಚಿ ಸರಿಸಿ. ಇದೇ ಕೊರಗಿನಲ್ಲಿ 22,000 ರೂಪಾಯಿ ಕಳೆದವನು ನಾನು.

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಚಾವಡಿಯಲ್ಲಿ ಸ್ಪೀಕರುಗಳು ಶೋಕೇಸಿನ ಎರಡು ತುದಿಗಳಲ್ಲಿದ್ದವು, ಆರಾಮಕುರ್ಚಿ ಫ್ಯಾನಿನ ಕೆಳಗೆ. ಮೇ ತಿಂಗಳ ಸೆಕೆಯಲ್ಲಿ ಕುರ್ಚಿಯ ಜಾಗವನ್ನು ನಿರ್ಧರಿಸುವುದು ಫ್ಯಾನು, ನಾವಲ್ಲ. ಅಪ್ಪನ ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಭಾಗವತರು ಬಲಗಡೆಯ ಕಿಟಕಿಯಲ್ಲಿ ಕುಳಿತು ಪದ ಹೇಳಿದಂತೆ ಕೇಳಿಸುತ್ತಿತ್ತು. ಅದು ಮೋನೋ ಧ್ವನಿಮುದ್ರಣ. ಎರಡು ಸ್ಪೀಕರುಗಳಲ್ಲಿಯೂ ಒಂದೇ ದನಿ ಬರುವುದರಿಂದ ಅದು ನಟ್ಟನಡುವೆ, ಸ್ಪೀಕರೇ ಇಲ್ಲದ ಕಡೆಯಿಂದ ಕೇಳಿಸಬೇಕಿತ್ತು.

ನಾನು ಆಂಪ್ಲಿಫೈಯರಿನ ಬ್ಯಾಲೆನ್ಸ್ ನಾಬನ್ನು, ಅಂದರೆ ಎಡಬಲದ ದನಿಯನ್ನು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯನ್ನು, ಎಡಕ್ಕೆ ತಿರುಗಿಸಿದೆ. ತಪ್ಪಿದ್ದೇ ಅಲ್ಲಿ. ದನಿ ತುಸು ಜರುಗಿತು, ಆದರೆ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿತು. ಆಂಪ್ಲಿಫೈಯರೇ ಕೆಟ್ಟಿದೆ ಎಂದುಕೊಂಡೆ, ಅಂಗಡಿಯವರೂ ತಲೆಯಾಡಿಸಿದರು. ಹೊಸದು ಬಂತು. ಭಾಗವತರು ಕಿಟಕಿ ಬಿಟ್ಟು ಏಳಲಿಲ್ಲ.

ಕೊನೆಗೆ ಶೋಕೇಸಿನ ಬಾಗಿಲು ಸರಿಮಾಡಲು ಬಂದ ಆಚಾರಿಯವರ ಟೇಪು ಪಡೆದು ಅಳೆದೆ. ಕುರ್ಚಿಯಿಂದ ಎಡ ಸ್ಪೀಕರಿಗೆ 8 ಅಡಿ, ಬಲಕ್ಕೆ ಆರೂವರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ ಒಂದೂವರೆ ಅಡಿಗೆ ಬೇಕಾಗುವುದು ಸುಮಾರು 1.3 ಮಿಲಿಸೆಕೆಂಡ್. ಅಷ್ಟೇ ಸಾಕು! ಒಂದೇ ದನಿ ಎರಡು ಕಡೆಯಿಂದ ಬಂದರೆ, ಮೊದಲು ಮುಟ್ಟಿದ ಕಡೆಯಲ್ಲೇ ಹಾಡುವವರಿದ್ದಾರೆ ಎಂದು ಕಿವಿ ನಂಬುತ್ತದೆ. ನಾಬು ದನಿಯನ್ನು ಏರಿಳಿಸಬಲ್ಲದು, ತಡವಾಗಿ ಬಂದದ್ದನ್ನು ಬೇಗ ತರಲಾರದು. ಹೊಸ ಆಂಪ್ಲಿಫೈಯರಿಗೂ ಅದು ಆಗದು.

ಕುರ್ಚಿಯನ್ನು ಎರಡಡಿ ಎಡಕ್ಕೆ ಎಳೆದೆ. ಎರಡೂ ಕಡೆ 7 ಅಡಿ. ಭಾಗವತರು ಶೋಕೇಸಿನ ನಡುವಿನ ಹಿತ್ತಾಳೆ ದೀಪದ ನೆತ್ತಿಗೆ ಬಂದು ಕುಳಿತರು. ಅಮ್ಮ ಕೇಳಿದ್ದು, "ಇನ್ನು ಗಾಳಿಗೆ ಏನು ಮಾಡುತ್ತೀ?"

ಮೂಲೆಗೆ ತಳ್ಳಿದ ಸ್ಪೀಕರಿನ ಬೇಸ್ (ತಗ್ಗು ದನಿ) ಗುಂಯ್‌ಗುಡುತ್ತದೆ, ಮುಂದಕ್ಕೆ ತನ್ನಿ. ಟ್ವೀಟರ್, ಅಂದರೆ ಸ್ಪೀಕರಿನೊಳಗೆ ಏರುದನಿ ಹೊರಡಿಸುವ ಚಿಕ್ಕ ಭಾಗ, ಕಿವಿಯ ಮಟ್ಟಕ್ಕಿರಲಿ. ಇವೆಲ್ಲ ಆಮೇಲೆ. ಆಂಪ್ಲಿಫೈಯರಿನ ಮೇಲೆ ಇನ್ನೂ ಅನುಮಾನವೇ? ಅದನ್ನು ಆಫ್ ಮಾಡಿ, ಪ್ಲಸ್ ಮೈನಸ್ ತಪ್ಪದಂತೆ ಎಡಬಲದ ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ಆನ್ ಮಾಡಿ, ಮೋನೋ ಹಾಡು ಹಾಕಿ. ವಾಲುವುದು ಎಡಕ್ಕೆ ಹೋದರೆ ಮಾತ್ರ ದೋಷ ಆಂಪ್ಲಿಫೈಯರಿನಲ್ಲೋ ಅದರ ಹಿಂದಿನ ಪ್ಲೇಯರಿನಲ್ಲೋ ಇರಬಹುದು. ಬಲಕ್ಕೇ ಉಳಿದರೆ ಟೇಪು ಹಿಡಿದು ನಿಮ್ಮ ಎರಡು ಅಳತೆಗಳನ್ನು ಇಲ್ಲಿ ಬರೆಯಿರಿ.