ಸೋರದ ಮಾಡಿನ ಕೆಳಗೆ ಅಡಕೆ ಯಾಕೆ ಪಸೆ?

ಪ್ರಶ್ನೆ: ಅಟ್ಟದ ಪತ್ತಾಯದಲ್ಲಿ (ಮರದ ಕಣಜ) ಹಳೆ ಚಾಲಿ (ಬಿಸಿಲಲ್ಲಿ ಒಣಗಿಸಿದ ಹಣ್ಣಡಕೆ) ತುಂಬಿ ಮುಚ್ಚಳ ಹಾಕಿದ್ದೆ. ಮೇಲೆ ತಗಡಿನ ಮಾಡು, ಎಲ್ಲೂ ಸೋರುವುದಿಲ್ಲ. ಡಿಸೆಂಬರಿನಲ್ಲಿ ತೆಗೆದರೆ ಮೇಲಿನ ನಾಲ್ಕು ಬೆರಳಿನಷ್ಟು ಅಡಕೆ ಪಸೆಯಾಗಿ ಬೂಷ್ಟು ಹಿಡಿದಿದೆ. ಅಡಿಯದು ಚೆನ್ನಾಗಿ ಒಣಗಿಯೇ ಇದೆ. ಮೊದಲು ಇದರಲ್ಲೇ ಭತ್ತ ಇಡುತ್ತಿದ್ದೆವು, ಹೀಗೆ ಆದದ್ದೇ ಇಲ್ಲ. ಏನು ಕಾರಣ?
— ಒಬ್ಬ ಬೆಳೆಗಾರ, ಪೆರ್ಲ

ಉತ್ತರ: ನೀರು ಹೊರಗಿಂದ ಬಂದದ್ದಲ್ಲ ಮಾರಾಯರೇ, ಅಡಕೆಯೊಳಗೇ ಇದ್ದದ್ದು. ಜಾಗ ಬದಲಾಯಿಸಿದೆ ಅಷ್ಟೆ.

ರಾಶಿಯ ಸಂದಿಗಳಲ್ಲಿ ಗಾಳಿ ಇರುತ್ತದೆ. ಹಗಲು ತಗಡು ಕಾದಾಗ ಬಿಸಿ ಗಾಳಿ ಮೇಲೆ, ತಣ್ಣಗಿನದು ಕೆಳಗೆ, ಏನೂ ಕದಲುವುದಿಲ್ಲ. ಡಿಸೆಂಬರಿನ ರಾತ್ರಿ ತಗಡು ಬೇಗ ತಣಿಯುತ್ತದೆ, ರಾಶಿಯ ಹೊಟ್ಟೆ ಬೆಚ್ಚಗೇ ಉಳಿಯುತ್ತದೆ. ಆಗ ಒಳಗಿನ ಗಾಳಿ ಅಡಕೆಯ ಪಸೆಯನ್ನು ಹೊತ್ತುಕೊಂಡು ಸಂದಿ ಹಿಡಿದು ಮೇಲೇಳುತ್ತದೆ. ತಣ್ಣಗಿನ ಮೇಲ್ಪದರದಲ್ಲಿ ಅದನ್ನು ಬಿಟ್ಟು ಮತ್ತೆ ಕೆಳಗಿಳಿಯುತ್ತದೆ. ಫ್ಯಾನ್ ಬೇಡ, ಕಿಟಕಿ ಬೇಡ, ರಾತ್ರಿಯಿಡೀ ಇದೇ ಸುತ್ತು. ನಾನು ಈ ಊರಿನ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು. ಪುಸ್ತಕದವರು ಈ ಪಾಠಕ್ಕೆ ಯಾವಾಗಲೂ ನೀರು ಕಾಯುವ ಪಾತ್ರೆಯ ಚಿತ್ರ ಹಾಕುತ್ತಾರೆ. ಪತ್ತಾಯದ ಚಿತ್ರವೂ ಇರಬೇಕಿತ್ತು.

ಭತ್ತದ ಮಾತು ಎತ್ತಿದಿರಲ್ಲ, ತುಂಬಾ ಖುಷಿಯಾಯಿತು. ಗುಟ್ಟು ಇರುವುದೇ ಅಲ್ಲಿ. ಕಾಳು ದಪ್ಪವಾದಷ್ಟೂ ಸಂದಿ ದೊಡ್ಡದು. ಅಡಕೆ ಭತ್ತಕ್ಕಿಂತ 6 ಪಟ್ಟು ದಪ್ಪ ಎಂದು ಹಿಡಿಯಿರಿ. ಗಾಳಿ ನುಗ್ಗುವ ಸಲೀಸು 6 ಪಟ್ಟಲ್ಲ, ಸುಮಾರು 36 ಪಟ್ಟು ಜಾಸ್ತಿ! ಮರಳಿನಲ್ಲಿ ನೀರು ಇಳಿಯುವ ಬಗ್ಗೆ ಫ್ರಾನ್ಸಿನ ಡಾರ್ಸಿ 1856ರಲ್ಲಿ ಕೊಟ್ಟ ನಿಯಮವೇ ಇಲ್ಲೂ ನಡೆಯುತ್ತದೆ. 1945ರಲ್ಲಿ ಹಾರ್ಟನ್ ಮತ್ತು ರೋಜರ್ಸ್, 1948ರಲ್ಲಿ ಲ್ಯಾಪ್‌ವುಡ್ ಅದಕ್ಕೆ ಬಿಸಿಯ ಲೆಕ್ಕ ಸೇರಿಸಿದರು. ಸಂದಿ, ರಾಶಿಯ ಎತ್ತರ, ಮೇಲೆ ಕೆಳಗಿನ ಬಿಸಿಯ ವ್ಯತ್ಯಾಸ, ಇವು ಹೆಚ್ಚಿದಂತೆ ರೇಲಿ ಸಂಖ್ಯೆ, ಅಂದರೆ ಗಾಳಿ ತಾನಾಗಿ ಸುತ್ತಲು ಶುರುಮಾಡುತ್ತದೋ ಇಲ್ಲವೋ ಎಂದು ಹೇಳುವ ಲೆಕ್ಕ, ಏರುತ್ತದೆ. ಅದು ಸುಮಾರು 40 ದಾಟಿದರೆ ಸುತ್ತು ಶುರು. ಆದರೆ ಬದಿಯ ಗೋಡೆ ತಣ್ಣಗಿದ್ದರೆ ಈ ಗಡಿಯೂ ಇಲ್ಲ, ಚೂರು ವ್ಯತ್ಯಾಸ ಸಾಕು.

ಹಾಗಾಗಿ ಪತ್ತಾಯವನ್ನು ಹೊರಗೋಡೆಯಿಂದ ಈಚೆ ಎಳೆಯಿರಿ. ಕಂಠಮಟ್ಟ ತುಂಬಬೇಡಿ, ಎತ್ತರ ಅರ್ಧವಾದರೆ ಆ ಸಂಖ್ಯೆಯೂ ಅರ್ಧ. ಮುಚ್ಚಳದ ಮೇಲೆ ಬೈಹುಲ್ಲು ದಪ್ಪಗೆ ಹರಡಿ, ಮೇಲ್ಪದರ ತಣಿಯುವುದು ಕಡಿಮೆಯಾಗುತ್ತದೆ. ಅಡಕೆಯ ಮೇಲೆ ಒಣ ಗೋಣಿ ಹಾಸಿ, ಆಗಾಗ ಬಿಸಿಲಿಗೆ ಹಾಕಿ. ಇದೆಲ್ಲಕ್ಕಿಂತ ಮೊದಲು ಅಂಗಳದಲ್ಲಿ ಪೂರ್ತಿ ಒಣಗಬೇಕು. ಚಾಲಿಗೆ 40ರಿಂದ 45 ದಿನದ ಬಿಸಿಲು ಬೇಕು. ಮೋಡ ಮುಚ್ಚಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೂಷ್ಟು ಹಿಡಿದದ್ದನ್ನು ಈಗಲೇ ಬೇರೆ ಮಾಡಿ, ಒಳ್ಳೆಯದರ ಜೊತೆ ಬೆರೆಸಲೇಬೇಡಿ.